ಮೂರು ಕಾಸಿನ ಬೋಣಿ

ಹೊಸಪೇಟೆಯ ಬಜಾರದಲ್ಲಿ ಈ ಸಲ ಗಿರಾಕಿಗಳಿಗಿಂತ ನೊಣಗಳೇ ಹೆಚ್ಚು ಎಂದು ಜಡೆಪ್ಪಜ್ಜ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಬೆಲ್ಲದ ಅಂಗಡಿಯ ಮುದುಕ. ನೊಣದ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ. ಸಾವಿರದ ಒಂಬೈನೂರ ಮೂವತ್ತೊಂದನೆಯ ಇಸವಿ ಅದು. ಹತ್ತಿಯ ರೇಟು ಬಿದ್ದಿತ್ತು, ಬೆಲ್ಲದ್ದು ಬಿದ್ದಿತ್ತು, ಭತ್ತದ್ದೂ ಬಿದ್ದಿತ್ತು. ಅಗ್ಗವಾದರೆ ಜನ ಮುಗಿಬಿದ್ದು ಕೊಳ್ಳುತ್ತಾರೆಂದು ಅಂಗಡಿಯವರು ಕಾದು ಕೂತರು. ಯಾರೂ ಬರಲಿಲ್ಲ. ರೇಟು ಇಳಿದದ್ದು ಒಂದು ಗೇಣಾದರೆ ಕೂಲಿ ಇಳಿದದ್ದು ಒಂದು ಮೊಳ.

ಬಜಾರ ಮುಗಿದು ಸಂಡೂರ ದಾರಿ ಶುರುವಾಗುವ ಮೂಲೆಯಲ್ಲಿ ಮರುಳಸಿದ್ದಮ್ಮನ ಕಿರಾಣಿ ಅಂಗಡಿ ಇತ್ತು. ಸಂಡೂರಿನ ಗಣಿಗಳಿಂದ ಬಂದ ಮ್ಯಾಂಗನೀಸ್ ಅದಿರನ್ನು ಸ್ಟೇಷನ್ನಿನಲ್ಲಿ ವ್ಯಾಗನ್ನಿಗೆ ತುಂಬುವ ಹೆಣ್ಣಾಳುಗಳೇ ಅವಳ ಗಿರಾಕಿಗಳು. ಅದಿರು ಕೊಳ್ಳುವ ದೊರೆಗಳು ಸಮುದ್ರದಾಚೆ ಎಲ್ಲೋ ಕೈ ಬಿಗಿ ಹಿಡಿದರು, ಇಲ್ಲಿ ಹೆಣ್ಣಾಳುಗಳ ಒಗ್ಗರಣೆಗೆ ಎಣ್ಣೆ ಇಲ್ಲದಾಯಿತು. ನಾಲ್ಕಾಣೆ ಇದ್ದ ಕೂಲಿ ಎರಡೂವರೆ ಆಣೆಗೆ ಬಂದು ನಿಂತಿತ್ತು. ಅದೂ ವಾರಕ್ಕೆ ಮೂರೇ ದಿನ.

ಅಂಗಡಿಗೆ ಹಲಗೆ ಹಾಕಿಸಿದ್ದರೆ ಅದರ ಮೇಲೆ ಅವಳ ಗಂಡ ಕೊಟ್ರಯ್ಯನ ಹೆಸರಿರುತ್ತಿತ್ತು. ಹಲಗೆ ಇರಲಿಲ್ಲ, ಹಾಗಾಗಿ ಜನ ಅವಳ ಹೆಸರನ್ನೇ ಹೇಳುತ್ತಿದ್ದರು. ಎಂಟು ವರ್ಷದ ಹಿಂದೆ ಮೂಟೆ ಇಳಿಸುವಾಗ ಬಂಡಿಯ ಗಾಲಿಗೆ ಸಿಕ್ಕು ಕೊಟ್ರಯ್ಯನ ಬಲಗೈ ಮಡಚಲಾರದಂತಾಗಿತ್ತು. ಅಂದಿನಿಂದ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮಾತಾಡುವುದು ಅವನ ಪಾಲು, ಸೇರು ಹಿಡಿದು ಅಳೆಯುವುದು ಅವಳ ಪಾಲು.

ಅವಳು ಅಳೆಯುವುದನ್ನು ನೋಡುವುದೇ ಒಂದು ಚಂದ. ಬಜಾರದ ರೂಢಿಯಂತೆ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವಳು. ಲಾಭ, ಎರಡು, ಮೂರು. ಅಳೆದು ಮುಗಿಸಿ ಸೇರು ಕೆಳಗಿಟ್ಟ ಮೇಲೆ ಮೂರು ಬೆರಳಲ್ಲಿ ಹಿಡಿದಷ್ಟನ್ನು ಮತ್ತೆ ಗಿರಾಕಿಯ ಸೆರಗಿಗೆ ಹಾಕುವಳು. ಅದೇ ಕೊಸರು. ಅದಕ್ಕೆ ಬೆಲೆ ಇಲ್ಲ. ಗಿರಾಕಿ ಕೇಳುವುದು, ಅಂಗಡಿಯವನು ಗೊಣಗುತ್ತ ಹಾಕುವುದು, ಇದು ಅಪ್ಪ ಅಜ್ಜಂದಿರ ಕಾಲದಿಂದ ನಡೆದದ್ದು. ಮರುಳಸಿದ್ದಮ್ಮ ಗೊಣಗುತ್ತಿರಲಿಲ್ಲ, ಅಷ್ಟೇ. "ಅಳತಿ ಇವತ್ತಿಂದು, ಕೊಸರು ನಾಳಿಂದು" ಎನ್ನುತ್ತಿದ್ದಳು. ಕೊಸರು ಪಡೆದು ಹೋದವಳು ನಾಳೆಯೂ ಇದೇ ಮೆಟ್ಟಿಲು ಹತ್ತುತ್ತಾಳೆ ಎಂಬುದು ಅವಳ ನಂಬಿಕೆ. ಪುಣ್ಯಕ್ಕೆ ಹಾಕುತ್ತಿದ್ದುದಲ್ಲ, ವ್ಯಾಪಾರಕ್ಕೇ ಹಾಕುತ್ತಿದ್ದುದು.

ಹುಣ್ಣಿಮೆಯ ಮಾರನೆಯ ದಿನ ಬಜಾರದ ಹತ್ತೊಂಬತ್ತು ಕಿರಾಣಿ ಅಂಗಡಿಯವರೂ ವಿರೂಪಾಕ್ಷಪ್ಪನವರ ಪಡಸಾಲೆಯಲ್ಲಿ ಸೇರಿದರು. ಬಜಾರಕ್ಕೆಲ್ಲ ಸಗಟು ಮಾಲು ಕೊಡುವವರು ಅವರೇ. ಅವರದೇ ಒಂದು ಚಿಲ್ಲರೆ ಅಂಗಡಿಯೂ ಬಜಾರದ ನಡುಮಧ್ಯ ಇತ್ತು. ಕೊಟ್ರಯ್ಯನೂ ಹೋಗಿದ್ದ. ಮಧ್ಯಾಹ್ನ ತಿರುಗಿ ಬಂದವನು ಚಪ್ಪಲಿ ಬಿಡುವುದಕ್ಕೆ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಹುಣಸೆಹಣ್ಣಿನ ಕಸ ಆರಿಸುತ್ತಿದ್ದ ಹೆಂಡತಿ ಅದನ್ನು ಗಮನಿಸಿದಳು.

"ಏನು ಕೊಟ್ಟು ಬಂದ್ರಿ?" ಎಂದಳು.

"ಏನ್ ಕೊಡ್ಲಿ. ಮಾತು ಕೊಟ್ಟೆ."

"ಎಂಥಾ ಮಾತು?"

ಕೊಟ್ರಯ್ಯ ತಂಬಿಗೆ ಎತ್ತಿ ನೀರು ಕುಡಿದ. "ನಾಡದ್ದಿಂದ ಬಜಾರದಾಗ ಯಾರೂ ಕೊಸರು ಹಾಕಂಗಿಲ್ಲ. ಒಂದಾಣಿಕಿಂತ ಕಮ್ಮಿ ಸಾಮಾನು ಯಾರೂ ಮಾರಂಗಿಲ್ಲ. ಮೂರು ಕಾಸಿಂದು, ಆರು ಕಾಸಿಂದು ಪೊಟ್ಣ ಕಟ್ಟಿ ಕಟ್ಟಿ ದಾರದ ರೊಕ್ಕಾನೂ ಹುಟ್ಟವಲ್ದು. ಒಂದಾಣಿ ಅಂತ ಗಟ್ಟಿಯಾಗಿ ನಿಂತ್ರ ಜನ ಬಗ್ಗಿಕೊಂಡು ಒಂದಾಣಿದೇ ಒಯ್ತಾರ ಅಂತ ಸಾವ್ಕಾರ್ರು ಅಂದ್ರು."

"ನೀವೇನಂದ್ರಿ?"

"ಎಲ್ಲಾರೂ ಹೂಂ ಅಂದ್ರು. ನಾನೂ ಅಂದೆ."

"ಮುರಿದವ್ರಿಗೆ?"

"ಇಪ್ಪತ್ತೈದು ರೂಪಾಯಿ ದಂಡ. ಅಮಾಸಿ ದಿನ ಪಂಚರ ಮುಂದ ನಿಂತು ತಪ್ಪಾತು ಅನ್ನಬೇಕು. ಇಲ್ಲಾಂದ್ರ ಗೋದಾಮಿಂದ ಮಾಲು ಬಂದ್."

ಇಪ್ಪತ್ತೈದು ರೂಪಾಯಿ ಎಂದರೆ ಅವರ ಅಂಗಡಿಯ ಬಂಡವಾಳವೇ. ಮರುಳಸಿದ್ದಮ್ಮ ಒಂದು ಹುಣಸೆಬೀಜವನ್ನು ಹೊರಗೆಸೆದಳು.

"ಹೊಳೆಮ್ಮನ ಕೈಯಾಗ ಸಂಜಿಕೆ ಎಷ್ಟಿರ್ತದ ಹೇಳ್ರಿ."

"ನನಗೇನ್ ಗೊತ್ತು."

"ನನಗ ಗೊತ್ತು. ಎರಡೂವರಿ ಆಣಿ. ಜ್ವಾಳಕ್ಕ ಒಂದೂವರಿ ಹೋತು. ಉಳದದ್ದು ಒಂದಾಣಿ. ಅದಕ್ಕ ನಾ ಏನ್ ಕೊಡ್ತೀನಿ? ಮೂರು ಕಾಸಿನ ಉಪ್ಪು, ಮೂರು ಕಾಸಿನ ಮೆಣಸಿನಕಾಯಿ, ಮೂರು ಕಾಸಿನ ಹುಣಸಿಹಣ್ಣು, ಮೂರು ಕಾಸಿನ ಎಣ್ಣಿ. ಒಂದಾಣಿಗೆ ಒಂದು ಸಾರಾತು. ನಿಮ್ಮ ಸಾವ್ಕಾರ್ರ ಲೆಕ್ಕದಾಗ ಒಂದಾಣಿಗೆ ಉಪ್ಪಷ್ಟೇ ಬಂತು. ಬರೀ ಉಪ್ಪು ನೆಕ್ಕಿ ಮಲಗ್ಲೇನು ಆಕಿ?"

"ಹಂಗಂತ ಕೊಟ್ಟ ಮಾತು ಮುರಿಯಾಕ ಬರ್ತದೇನು?"

"ಮಾತು ಕೊಟ್ಟಾವ್ರು ನೀವು. ಅಳೆಯೋ ಕೈ ನಂದು. ಅದನ್ಯಾರೂ ಕೇಳಿಲ್ಲ."

ಕೊಟ್ರಯ್ಯ ತನ್ನ ಮಡಚದ ಕೈಯನ್ನು ನೋಡಿಕೊಂಡ. ಮಾತು ನಾಟಬಾರದ ಕಡೆ ನಾಟಿತೆಂದು ಅವಳಿಗೂ ಅನ್ನಿಸಿತು. ಎದ್ದು ಹೋಗಿ ಮಜ್ಜಿಗೆಗೆ ಇಂಗು ಹಾಕಿ ತಂದುಕೊಟ್ಟಳು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೊಸರಿಲ್ಲ, ಒಂದಾಣೆಗೆ ಕಮ್ಮಿ ಇಲ್ಲ ಎಂಬ ಕಟ್ಟು ಜಾರಿಗೆ ಬಂದ ದಿನ ಸಂಜೆ ಹೊಳೆಮ್ಮ ಮೈತುಂಬ ಅದಿರಿನ ಕಪ್ಪು ಧೂಳು ಹೊತ್ತು ಬಂದಳು. ಮೂವತ್ತು ದಾಟಿರದ ಗಟ್ಟಿ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ. ಬಜಾರದ ಐದು ಅಂಗಡಿಯಲ್ಲಿ ಕೇಳಿ ಬಂದಿದ್ದಳು. ಎಲ್ಲ ಕಡೆಯೂ ಒಂದಾಣೆಯ ಪಾಠವೇ ಆಗಿತ್ತು.

"ನಿಮ್ಮಲ್ಲೂ ಆ ಕಾನೂನು ಬಂದೈತೇನ್ರಿ ಅಮ್ಮಾರ?"

"ಬಂದಿತ್ತು. ದಾರಿ ತಪ್ಪಿ ಹ್ವಾತು. ಸೆರಗು ಹಿಡಿ."

ಮರುಳಸಿದ್ದಮ್ಮ ನಾಲ್ಕು ಪೊಟ್ಟಣ ಕಟ್ಟಿದಳು, ಉಪ್ಪಿಗೆ ಕೊಸರು ಹಾಕಿದಳು. ಕೊಟ್ರಯ್ಯ ಆ ಹೊತ್ತಿಗೆ ಬೀದಿಯ ಕಡೆ ಮುಖ ಮಾಡಿ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದ.

ಮಾರನೆಯ ಸಂಜೆ ಹೊಳೆಮ್ಮನ ಹಿಂದೆ ಎಂಟು ಜನ ಬಂದರು. ಅದರ ಮಾರನೆಯ ದಿನ ಇಪ್ಪತ್ತು. ಅಂಗಡಿಯ ಮುಂದೆ ನಿಂತವರ ಗಲಾಟೆ ಬಜಾರದ ಆ ತುದಿಗೂ ಕೇಳಿಸುತ್ತಿತ್ತು. ಉಳಿದ ಹದಿನೆಂಟು ಅಂಗಡಿಯವರು ತಮ್ಮ ತಮ್ಮ ಕಟ್ಟೆಯಲ್ಲಿ ಕೂತು ಆ ಗಲಾಟೆಯನ್ನೇ ಕೇಳಿಸಿಕೊಳ್ಳುತ್ತ ನೊಣ ಹೊಡೆದರು.

ನಾಲ್ಕನೆಯ ದಿನ ವಿರೂಪಾಕ್ಷಪ್ಪನವರು ತಾವೇ ಬಂದರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಶಲ್ಯ. ಕೆಟ್ಟ ಮನುಷ್ಯರಲ್ಲ. ಅವರ ಸೇರು ಕಮ್ಮಿ ಬಂತೆಂದು ಯಾರೂ ಹೇಳಿದ್ದಿಲ್ಲ. ಹೆದರಿದ್ದರು, ಅಷ್ಟೇ; ಮತ್ತು ಹೆದರಿದ ದೊಡ್ಡ ಮನುಷ್ಯ ಕಾನೂನು ಮಾಡುತ್ತಾನೆ.

"ಬರ್ರಿ ಯಜಮಾನ್ರ, ಕುಂದ್ರಿ" ಎಂದು ಕೊಟ್ರಯ್ಯ ಎದ್ದು ನಿಂತ.

ಅವರು ಕೂಡಲಿಲ್ಲ. "ತಂಗಿ, ನಿನ್ನ ಮ್ಯಾಲ ಸಿಟ್ಟಿಲ್ಲ" ಎಂದು ಮರುಳಸಿದ್ದಮ್ಮನಿಗೆ ಹೇಳಿದರು. "ನನ್ನ ಗೋದಾಮಿನಾಗ ಹ್ವಾದ ವರ್ಷದ ರೇಟಿಗೆ ತಂದ ಮಾಲು ಜಂತಿ ಮುಟ್ಟೈತಿ. ಮೂರು ಕಾಸು ಮೂರು ಕಾಸು ಅಂತ ಮಾರಿಕೊಂತ ಕುಂತ್ರ ಮಾಲು ಖಾಲಿ ಆಗೋದ್ರಾಗ ನಾನು ಖಾಲಿ ಆಗ್ತೀನಿ. ಎಲ್ಲಾರೂ ಒಂದು ಕಟ್ಟಿನಾಗ ಇದ್ರ ಎಲ್ಲಾರೂ ಉಳಕೊಂತೀವಿ."

"ಎಲ್ಲಾರೂ ಅಂದ್ರ ಯಾರ್ಯಾರ್ರಿ? ಕೊಳ್ಳಾವ್ರೂ ಅದರಾಗ ಬರ್ತಾರೇನು?"

"ಕೊಳ್ಳಾವ್ರಿಗೆ ಹೊಟ್ಟಿ ಐತಲ್ಲ. ಅದು ಎಳಕೊಂಡು ಬರ್ತದ."

"ಹೊಟ್ಟಿ ಬರ್ತದ್ರಿ, ರೊಕ್ಕ ಬರಂಗಿಲ್ಲ. ಬರೀ ಹೊಟ್ಟಿ ಬಂದು ಕಟ್ಟಿ ಮ್ಯಾಲ ಕುಂತ್ರ ಏನ್ ಮಾರ್ತೀರಿ ಅದಕ್ಕ?"

ವಿರೂಪಾಕ್ಷಪ್ಪನವರು ಅಂಗಡಿಯ ಒಳಗೆ ಕಣ್ಣಾಡಿಸಿದರು. ಮೂಲೆಯಲ್ಲಿ ಉಪ್ಪಿನ ಮೂಟೆ ಬಾಯಿ ತೆರೆದು ನಿಂತಿತ್ತು, ಅರ್ಧ ಮುಗಿದದ್ದು.

"ಮಾತಿನಾಗ ನಿನ್ನ ಗೆಲ್ಲಾಕ ನಾ ಬಂದಿಲ್ಲವ್ವ. ಇದು ಮುಗದ ಮ್ಯಾಲ ಉಪ್ಪು ಎಲ್ಲಿಂದ ತರ್ತಿ?"

ಉಪ್ಪಿನ ವ್ಯಾಗನ್ನು ಬರುತ್ತಿದ್ದುದು ಅವರ ಹೆಸರಿಗೇ. ಕಂಪ್ಲಿಯಲ್ಲಿ ಉಪ್ಪು ಮಾರುವವನು ಅವರ ಬೀಗ. "ಅಮಾಸಿಗೆ ಬರ್ರಿ ಇಬ್ಬರೂ" ಎಂದು ಹೇಳಿ ಅವರು ಹೊರಟರು. ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ ಇತ್ತು.

ಉಳಿದ ಸಾಮಾನನ್ನು ಅವಳು ಹೇಗೋ ಹೊಂದಿಸಿದಳು. ಕಂಪ್ಲಿಯ ಭರಮಣ್ಣ ಒಂದು ಬಂಡಿ ಬೆಲ್ಲ ಹೊಡೆದುಕೊಂಡು ಬಂದಿದ್ದ. ಬಜಾರದಲ್ಲಿ ಕೇಳಿದ ರೇಟಿಗೆ ಕೊಟ್ಟರೆ ಎತ್ತಿನ ಹುಲ್ಲಿಗೂ ಸಾಲದೆಂದು ಹಾಗೇ ತಿರುಗಿಸಿಕೊಂಡು ಹೊರಟಿದ್ದವನನ್ನು ಮೂಲೆಯಲ್ಲಿ ನಿಲ್ಲಿಸಿದಳು. ಅವನ ಮನೆಯಲ್ಲಿ ಬೆಲ್ಲ ಕೊಳೆಯುತ್ತಿತ್ತು, ಖಾರಕ್ಕೆ ಮೆಣಸಿನಕಾಯಿ ಇರಲಿಲ್ಲ. ಚೋರನೂರಿನ ಎರ್ರಮ್ಮ ಬುಟ್ಟಿಯಲ್ಲಿ ಮೆಣಸಿನಕಾಯಿ ಹೊತ್ತು ತರುತ್ತಿದ್ದಳು, ಅವಳಿಗೆ ಬೆಲ್ಲ ಬೇಕಿತ್ತು. ಎರಡನ್ನೂ ಎದುರು ಬದುರು ಇಡಿಸಿ, ತನ್ನ ಪಾಲು ತೆಗೆದುಕೊಂಡು ಮರುಳಸಿದ್ದಮ್ಮ ಅಂಗಡಿ ತುಂಬಿಸಿದಳು. ಒಂದು ಬಿಲ್ಲೆಯೂ ಕೈ ಬದಲಾಗಲಿಲ್ಲ. "ಮಾಲೂ ಐತಿ, ಬಾಯೂ ಐತಿ. ನಡುವ ರೊಕ್ಕ ಅನ್ನಾದೊಂದೇ ಓಡಿ ಹೋಗೈತಿ" ಎಂದು ಗಂಡನಿಗೆ ಹೇಳಿದಳು.

ಉಪ್ಪು ಮಾತ್ರ ಯಾರ ಹೊಲದಲ್ಲೂ ಬೆಳೆಯುವುದಿಲ್ಲ. ದಿನಾ ಸಂಜೆ ಮೂಟೆಯ ಬಾಯನ್ನು ಒಂದು ಮಡಿಕೆ ಕೆಳಕ್ಕೆ ಮಡಚಬೇಕಾಗುತ್ತಿತ್ತು. ಉಪ್ಪಿಲ್ಲದ ಅಂಗಡಿಗೆ ಗಿರಾಕಿ ಯಾಕೆ ಬರುತ್ತಾಳೆ? ಉಪ್ಪಿಗೆ ಬೇರೆ ಕಡೆ ಹೋದವಳು ಹುಳಿಯನ್ನೂ ಅಲ್ಲೇ ತರುತ್ತಾಳೆ.

ಅಮಾವಾಸ್ಯೆಗೆ ಆರು ದಿನ ಇದ್ದಾಗ, ಒಂದು ಬೆಳಗ್ಗೆ, ಹೊಸ್ತಿಲು ತೊಳೆದು ಲಿಂಗಪೂಜೆ ಮುಗಿಸಿ ಅವಳು ಆಗತಾನೆ ಬಾಗಿಲು ತೆರೆದಿದ್ದಳು. ಕೆಲಸಕ್ಕೆ ಹೊರಟಿದ್ದ ಹೊಳೆಮ್ಮ ಬಂದು ನಿಂತಳು.

"ಮೂರು ಕಾಸಿನ ಉಪ್ಪು ಹಾಕ್ರಿ ಅಮ್ಮಾರ. ಅಂಬಲಿಗೆ ಚಿಟಿಕೀನೂ ಇಲ್ಲ."

ಮರುಳಸಿದ್ದಮ್ಮ ಮೂಟೆಯ ಕಡೆ ನೋಡಿದಳು. ಮಂಡಿಯ ಎತ್ತರಕ್ಕೂ ಇರಲಿಲ್ಲ. "ಸಂಜಿಕೆ ಬಾ ಹೊಳೆಮ್ಮ, ನೋಡೋಣ" ಎಂದಳು. ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಗಲ್ಲಾಪೆಟ್ಟಿಗೆಯ ಹಿಂದೆ ಊದುಬತ್ತಿ ಹಚ್ಚುತ್ತಿದ್ದ ಕೊಟ್ರಯ್ಯ ಎದ್ದೇಬಿಟ್ಟ. "ಲೇ ಇವಳೇ, ತೆಲಿ ನೆಟ್ಟಗೈತೋ ಇಲ್ಲೋ? ಬೋಣಿ ಹೊತ್ನ್ಯಾಗ ಇಲ್ಲ ಅಂತಾರೇನು? ಮೊದಲ್ನೇ ಗಿರಾಕಿ ಅಂದ್ರ ಲಕ್ಷ್ಮಿ. ಆಕಿ ಕೇಳಿದ್ದು ಕೇಳಿದಷ್ಟು ಕೊಟ್ಟು ಕಳಿಸು. ಹೊಸ್ತಿಲಿಂದ ಹೊಳ್ಳಿ ಕಳಿಸಿದ್ರ ಇಡೀ ದಿನ ಗಲ್ಲಾ ಉಪಾಸ ಬೀಳ್ತದ."

ಅವನು ಅಷ್ಟು ಗಟ್ಟಿಯಾಗಿ ಮಾತಾಡಿ ವರ್ಷಗಳಾಗಿದ್ದವು. ಮರುಳಸಿದ್ದಮ್ಮ ಉಪ್ಪು ಅಳೆದಳು, ಕೊಸರು ಹಾಕಿದಳು. ಆಮೇಲೆ ಕೈಯಲ್ಲಿದ್ದ ಅಳತೆಯ ಡಬ್ಬಿಯನ್ನು ಕೆಳಗಿಡುವುದನ್ನೇ ಮರೆತು ನಿಂತಳು.

"ನೋಡ್ರಿ, ಎಲ್ಲಾ ಅಂಗಡ್ಯಾಗೂ ಹಿಂಗ ಅಲ್ಲೇನು?"

"ಮತ್ತ? ವ್ಯಾಪಾರ ಮಾಡಾವ ಯಾವನು ಬೋಣಿ ಬಿಡ್ತಾನ?"

"ವಿರೂಪಾಕ್ಷಪ್ಪನವ್ರು?"

"ಅವ್ರಂತೂ ಬೋಣಿ ರೊಕ್ಕಾನ ಕಣ್ಣಿಗೆ ಒತ್ತಿಕೊಂಡೇ ಪೆಟ್ಗಿಗೆ ಹಾಕ್ತಾರ. ಅವ್ರಪ್ಪನೂ ಹಂಗ ಇದ್ರು."

"ಅವತ್ತು ಪಂಚಾಯ್ತಿ ಮಾಡಿದ್ರಲ್ಲ. ಒಂದಾಣಿ ಕಾನೂನು, ಕೊಸರಿನ ಕಾನೂನು. ಬೋಣಿ ಬಗ್ಗೆ ಏನು ತೀರ್ಮಾನ ಮಾಡಿದ್ರಿ?"

ಊದುಬತ್ತಿಯ ಬೂದಿ ಕೊಟ್ರಯ್ಯನ ಪಂಚೆಯ ಮೇಲೆ ಬಿತ್ತು. "ಅದರ ಸುದ್ದೀನ ಬರ್ಲಿಲ್ಲ" ಎಂದ.

ಮರುಳಸಿದ್ದಮ್ಮ ಅಕ್ಕಿ ಮೂಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹತ್ತೊಂಬತ್ತು ಜನ ವ್ಯಾಪಾರಸ್ಥರು ಅರ್ಧ ದಿನ ಕೂತು ಕಟ್ಟು ಮಾಡಿದ್ದರು. ದಿನಾ ಬಾಗಿಲು ತೆರೆದೊಡನೆ ಬೋಣಿಗೆ ಇಲ್ಲ ಎನ್ನಲಾರದೆ ತಮ್ಮ ಕೈ ತಾವೇ ಕಟ್ಟಿಕೊಳ್ಳುವುದು ಒಬ್ಬನಿಗೂ ನೆನಪಾಗಿರಲಿಲ್ಲ. ಉಸಿರಾಡುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹೊರಟಿದ್ದ ಹೊಳೆಮ್ಮನನ್ನು ಕರೆದು ಮೆಟ್ಟಿಲ ಮೇಲೆ ಕೂಡಿಸಿದಳು. "ನಿಮ್ಮ ಪಾಳೇದಾಗ ಎಷ್ಟು ಜನ ಅದೀರಿ? ಹದಿನೆಂಟು ಜನ ಬೇಕು. ನಾಳಿಂದ ಒಬ್ಬೊಬ್ರು ಒಂದೊಂದು ಅಂಗಡಿ ಹಿಡೀರಿ. ಬಾಗಿಲಾ ತೆರದ ಕೂಡ್ಲೆ ಮೊದಲ ನೀವಿರಬೇಕು. ಮೂರು ಕಾಸು ಮುಂದ ಇಟ್ಟು, ಬೋಣಿ ಮಾಡ್ರಿ ಅನ್ರಿ. ಕೊಸರು ಕೇಳ್ರಿ. ಅಷ್ಟೇ."

"ಬೈದ್ರ?"

"ಬೋಣಿ ಹೊತ್ನ್ಯಾಗ ಯಾರೂ ಬೈಯಂಗಿಲ್ಲ. ಆದ್ರ ನೋಡವಾ, ಮನಿಗೆ ಬೇಕಾದ್ದನ್ನ ಕೇಳ್ರಿ. ಸುಳ್ಳು ಗಿರಾಕಿ ಆಗಬ್ಯಾಡ್ರಿ. ರೊಕ್ಕ ಕೊಟ್ಟು, ಸಾಮಾನು ತಗೊಂಡು, ಕೈ ಮುಗದು ಬರ್ರಿ. ಜಗಳ ಬ್ಯಾಡ, ನಗಾದೂ ಬ್ಯಾಡ."

"ನಗಾದು ಬ್ಯಾಡ ಅನ್ನಾದೇ ಕಷ್ಟ ಐತ್ರಿ" ಎಂದಳು ಹೊಳೆಮ್ಮ.

ವಿರೂಪಾಕ್ಷಪ್ಪನವರ ಅಂಗಡಿಯನ್ನು ಹೊಳೆಮ್ಮ ತನಗೇ ಇಟ್ಟುಕೊಂಡಳು. ಮೊದಲ ದಿನದ ಸುದ್ದಿಯನ್ನು ಸಂಜೆ ಬಂದು ನಟಿಸಿಯೇ ತೋರಿಸಿದಳು. "ನಾ ಮೂರು ಕಾಸು ಇಟ್ಟೆ. ಸಾವ್ಕಾರ್ರು ಬಿಲ್ಲಿ ನೋಡಿದ್ರು, ನನ್ನ ನೋಡಿದ್ರು, ದೇವರ ಪಟ ನೋಡಿದ್ರು. ಹಿಂದ ಮುಂದ ಯಾರರ ಅದಾರೇನು ಅಂತ ಬೀದಿ ನೋಡಿದ್ರು. ಜಲ್ದಿ ಜಲ್ದಿ ಒಂದು ಪೊಟ್ಣ ಕಟ್ಟಿದ್ರು. 'ಕೊಸರು, ಸಾವ್ಕಾರ್ರ' ಅಂದೆ. ಹಲ್ಲು ಕಡಕೊಂಡು ಕೊಸರು ಹಾಕಿದ್ರು. ಆಮ್ಯಾಲ ನನ್ನ ಬಿಲ್ಲೀನ ಕಣ್ಣಿಗೆ ಒತ್ತಿಕೊಂಡ್ರು, ಅಮ್ಮಾರ. ನನ್ನ ಅದಿರಿನ ಕೈಯಾಗಿನ ಬಿಲ್ಲೀನ."

ಹದಿನೆಂಟು ಅಂಗಡಿಯಲ್ಲೂ ಅದೇ ಕತೆ. ತಮಾಷೆ ಅಂದರೆ, ಪ್ರತಿಯೊಬ್ಬನೂ ಕಟ್ಟು ಮುರಿದವನು ತಾನೊಬ್ಬನೇ ಎಂದುಕೊಂಡ. ಒಬ್ಬನೂ ಇನ್ನೊಬ್ಬನ ಹತ್ತಿರ ಬಾಯಿ ಬಿಡಲಿಲ್ಲ. ಬೆಳಗ್ಗೆ ಎಂಟಕ್ಕೆ ಮುಂಚೆ ಇಡೀ ಬಜಾರ ಕಟ್ಟು ಮುರಿಯುತ್ತಿತ್ತು. ಎಂಟರ ಮೇಲೆ ಇಡೀ ಬಜಾರ ಮುಖ ಗಂಟಿಕ್ಕಿಕೊಂಡು ಮರುಳಸಿದ್ದಮ್ಮನ ಮೂಲೆಯ ಕಡೆ ನೋಡುತ್ತಿತ್ತು. ಹೀಗೆ ಐದು ಬೆಳಗು ನಡೆಯಿತು.

ಅಮಾವಾಸ್ಯೆಯ ಬೆಳಗ್ಗೆ ಅವಳು ಹೆಂಗಸರಿಗೆ ಒಂದು ಮಾತು ಹೆಚ್ಚಿಗೆ ಹೇಳಿದ್ದಳು. ಪೊಟ್ಟಣ ಬಿಚ್ಚಬೇಡಿ, ನನ್ನ ಹತ್ತಿರ ತನ್ನಿ, ಅದೇ ಸಾಮಾನು ಅಷ್ಟೇ ನನ್ನ ಅಂಗಡಿಯಿಂದ ಒಯ್ಯಿರಿ. ಉಪ್ಪು ಕೊಂಡವರಿಗೆ ಬದಲು ಕೊಟ್ಟಾಗ ಮೂಟೆಯ ತಳ ಕೈಗೆ ತಾಗಿತು. ಚೀಲವನ್ನು ಕೊಡವಿ ಕೊನೆಯ ಕೊಸರು ಹಾಕಿದಳು. ಈಗ ಅಂಗಡಿಯಲ್ಲಿ ಉಪ್ಪು ಎನ್ನುವುದು ಇರಲಿಲ್ಲ.

ಮಧ್ಯಾಹ್ನ ವಿರೂಪಾಕ್ಷಪ್ಪನವರ ಪಡಸಾಲೆಗೆ ಹೊರಡುವಾಗ ಕೊಟ್ರಯ್ಯ ಗೋಡೆಯ ಗೂಡಿಗೆ ಎಡಗೈ ಹಾಕಿ ಒಂದು ಗಂಟು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ. ಅದು ಏನೆಂದು ಅವಳಿಗೆ ಗೊತ್ತಿತ್ತು. ಇಪ್ಪತ್ತೈದು ರೂಪಾಯಿ.

"ಅದನ್ನ ಇಡ್ರಿ" ಎಂದಳು.

"ಮಾತು ನಂದು ಅಂದೀಯಲ್ಲ, ನೀನೇ" ಎಂದು ಅವನು ಮುಂದೆ ನಡೆದ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅವಳನ್ನು ಕಂಡೊಡನೆ ಬೇಳೆ ಅಂಗಡಿಯ ಹೊನ್ನೂರಸ್ವಾಮಿ, "ಹೆಂಗಸ್ರಿಗೆ ಪಂಚಾಯ್ತ್ಯಾಗ ಏನ್ ಕೆಲಸ?" ಎಂದ.

"ತಪ್ಪು ಮಾಡಿದ ಕೈ ನಂದು. ಅದನ್ನಷ್ಟೇ ಇಲ್ಲಿ ಕಳಿಸಿ ನಾ ಮನ್ಯಾಗ ಕುಂದ್ರಾಕ ಬರ್ಲಿಲ್ಲಪಾ" ಎಂದು ಮರುಳಸಿದ್ದಮ್ಮ ಜಮಖಾನೆಯ ಅಂಚಿಗೆ ಕೂತಳು.

ವಿರೂಪಾಕ್ಷಪ್ಪನವರು ಕಟ್ಟಿನ ಮಾತು ಎತ್ತಿದರು. ಎಲ್ಲರಿಗೂ ಒಂದೇ ನ್ಯಾಯ, ಒಬ್ಬ ಮುರಿದರೆ ಹದಿನೆಂಟು ಮನೆ ಮುಳುಗುತ್ತವೆ, ಇತ್ಯಾದಿ. ಮಾತು ಚೆನ್ನಾಗಿಯೇ ಆಡಿದರು. ಆದರೆ ಆಡುವಾಗ ಯಾರ ಮುಖವನ್ನೂ ನೋಡಲಿಲ್ಲ, ಕೇಳುವವರೂ ನೆಲ ನೋಡುತ್ತಿದ್ದರು. ಮಾತು ಮುಗಿದ ಮೇಲೆ ಮರುಳಸಿದ್ದಮ್ಮ ತಂದಿದ್ದ ಬಟ್ಟೆಯ ಗಂಟನ್ನು ನಡುವೆ ಇಟ್ಟು ಬಿಚ್ಚಿದಳು.

ಹದಿನೆಂಟು ಪೊಟ್ಟಣ. ಒಂದೊಂದೂ ಅಂಗೈಯಲ್ಲಿ ಅಡಗುವಷ್ಟು. ಒಂದಕ್ಕೆ ಬಾಳೆನಾರು, ಅದಕ್ಕೆ ಬೆಲ್ಲದ ಅಂಟು. ಒಂದಕ್ಕೆ ಹಳೇ ಪತ್ರಿಕೆಯ ಕಾಗದ, ತುದಿ ಒಳಕ್ಕೆ ಮಡಚಿದ್ದು. ಒಂದಕ್ಕೆ ಮುತ್ತುಗದೆಲೆ, ಕಡ್ಡಿ ಚುಚ್ಚಿದ್ದು. ಒಂದಕ್ಕೆ ಕೆಂಪು ದಾರ, ಎರಡು ಸುತ್ತು, ಮೇಲೊಂದು ಜೋಡಿಗಂಟು. ಇಪ್ಪತ್ತು ಮೂವತ್ತು ವರ್ಷ ಪೊಟ್ಟಣ ಕಟ್ಟಿದವನು ತನ್ನ ಗಂಟನ್ನು ಕಣ್ಣುಮುಚ್ಚಿ ಮುಟ್ಟಿದರೂ ಗುರುತಿಸುತ್ತಾನೆ.

"ಇವತ್ತು ಮುಂಜಾನಿ ಬಜಾರದಾಗ ಮಾರಿದ್ದು" ಎಂದಳು ಮರುಳಸಿದ್ದಮ್ಮ. "ಒಂದೊಂದು ಮೂರು ಕಾಸಿಂದು. ಯಾವುದು ಯಾರದು ಅಂತ ನಾ ಕೇಳಂಗಿಲ್ಲ, ಹೇಳಂಗೂ ಇಲ್ಲ."

ಆಗ ಕೊಟ್ರಯ್ಯ ಎದ್ದ. ಸೊಂಟದ ಗಂಟನ್ನು ಎಡಗೈಯಿಂದ ತೆಗೆದು ಪೊಟ್ಟಣಗಳ ಪಕ್ಕದಲ್ಲಿಟ್ಟ. ಅವನ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ನಾ ಹೂಂ ಅಂದಿದ್ದೆ. ನನ್ನ ಅಂಗಡ್ಯಾಗ ಮುರೀತು. ಇಪ್ಪತ್ತೈದು ರೂಪಾಯಿ ಐತಿ, ಎಣಿಸ್ಕೊಳ್ರಿ. ನನ್ನ ದಂಡ ಆತು. ಇನ್ನ ಹದಿನೆಂಟು ಬರ್ಬೇಕು. ಮುಂದಿನಾವ್ರು ಹಾಕ್ರಿ."

ಹಾಸಿದ ಜಮಖಾನೆಯ ಮೇಲೆ ಮರುಳಸಿದ್ದಮ್ಮನ ಅಂಗಡಿಯೇ ಕೂತಿತ್ತು. ಯಾರಾದರೂ ಒಬ್ಬ ಕೈ ಚಾಚಿ ಆ ಗಂಟನ್ನು ಎತ್ತಿಕೊಂಡರೆ ನಾಳೆ ಬಾಗಿಲು ತೆರೆಯುವುದಕ್ಕೆ ಕಾರಣವೇ ಇರುತ್ತಿರಲಿಲ್ಲ. ಯಾರೂ ಕೈ ಚಾಚಲಿಲ್ಲ.

ಕೊನೆಗೆ ಜಡೆಪ್ಪಜ್ಜ ಮುಂದಕ್ಕೆ ಬಾಗಿ ಬಾಳೆನಾರಿನ ಪೊಟ್ಟಣ ಎತ್ತಿ ಅಂಗೈಯಲ್ಲಿ ತೂಗಿ ನೋಡಿದ. "ಇದು ನಂದು" ಎಂದ. "ಕೊಸರು ಸೈತ ಐತಿ. ನನ್ನ ಹತ್ರ ದಂಡಕ್ಕ ರೊಕ್ಕಿಲ್ಲ, ನೊಣ ಬೇಕಾದ್ರ ಕೊಡ್ತೀನಿ."

ಹೊನ್ನೂರಸ್ವಾಮಿಯೇ ಮೊದಲು ನಕ್ಕ. ಆಮೇಲೆ ಒಬ್ಬೊಬ್ಬರಾಗಿ ನಕ್ಕರು. ಐದು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಹೊರಬಿದ್ದಂತೆ. "ನಿನ್ನ ಕಡೀನೂ ಬಂದಿದ್ಲೇನಲೇ?" "ದಿನಾ ಬಂದಾಳಪಾ, ಹುಣಸಿಹಣ್ಣಿಗೆ."

ವಿರೂಪಾಕ್ಷಪ್ಪನವರು ನಗಲಿಲ್ಲ. ಕೆಂಪು ದಾರದ ಪೊಟ್ಟಣವನ್ನೇ ನೋಡುತ್ತಿದ್ದವರು ಕೊಟ್ರಯ್ಯನ ಗಂಟನ್ನು ಬೆರಳ ತುದಿಯಿಂದ ಅವನ ಕಡೆಗೆ ಸರಿಸಿದರು.

"ತಗೋ ಕೊಟ್ರಯ್ಯ. ಬೋಣಿಗೆ ದಂಡ ಇಲ್ಲ. ಅದು ದೇವರ ವ್ಯಾಪಾರ." ಆಮೇಲೆ ಮರುಳಸಿದ್ದಮ್ಮನ ಕಡೆ ತಿರುಗಿದರು. "ಆದ್ರ ನಿಂದು ಬೋಣಿ ಅಲ್ಲ ತಂಗಿ. ನೀ ಸಂಜಿತನಕ ಮೂರು ಕಾಸಿಗೆ ಮಾರೀದಿ."

"ಹೌದ್ರಿ" ಎಂದಳು ಅವಳು. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ನೀವು ಇವತ್ತು ಬೋಣಿಗೆ ಬಂದ ಹೆಣ್ಣಾಳಿನ ಕೈಯಾಗಿನ ಬಿಲ್ಲೀನ ಕಣ್ಣಿಗೆ ಒತ್ತಿಕೊಂಡ್ರಿ. ಅದೇ ಆಕಿ ಸಂಜಿಕೆ ಬಂದ್ರ ಹೊಸ್ತಿಲ ಹತ್ತಿಸಂಗಿಲ್ಲ. ಆಕಿನೂ ಆಕೀನೇ, ಬಿಲ್ಲೀನೂ ಅದೇ. ಮುಂಜಾನಿ ಲಕ್ಷ್ಮಿ ಆದಾಕಿ ಸಂಜಿಕೆ ದರಿದ್ರ ಹೆಂಗಾಗ್ತಾಳ ನನಗ ತಿಳಿವಲ್ದು. ಅದಕ್ಕ ನನ್ನ ಅಂಗಡ್ಯಾಗ ಬಂದಾವ್ರೆಲ್ಲಾ ಬೋಣಿನ. ದಂಡ ಹಾಕ್ತೀರೋ ಹಾಕ್ರಿ, ಉಪ್ಪು ನಿಲ್ಲಿಸ್ತೀರೋ ನಿಲ್ಲಿಸ್ರಿ. ಬಳ್ಳಾರಿಗೆ ರೈಲು ಐತಿ, ಹೊತಗೊಂಡು ತರ್ತೀನಿ. ನಡುವಿನ ದರೋಜಿ ಸ್ಟೇಷನ್ನಿನತನಕ ಕುಂದ್ರಾಕ ಜಾಗ ಸಿಗ್ಲಿಲ್ಲಂದ್ರ ನಿಂತಕೊಂಡು ಬರ್ತೀನಿ."

ಗಂಡನ ಗಂಟನ್ನು ತಾನೇ ಎತ್ತಿ ಅವನ ಕೈಗೆ ಕೊಟ್ಟು ಮೆಟ್ಟಿಲಿಳಿದಳು. ಬಾವಿಕಟ್ಟೆ ದಾಟಿದ ಮೇಲೆ ಕೊಟ್ರಯ್ಯ, "ನನ್ನ ಕೈ ನಡುಗಿತೇನು?" ಎಂದು ಕೇಳಿದ.

"ರೊಕ್ಕ ಇಟ್ಟ ಕೈ ನಡುಗ್ಲಿಲ್ಲ" ಎಂದಳು ಅವಳು. "ದನಿ ನಡುಗಿತು. ಅದು ನಡೀತದ."

ಆ ವರ್ಷ ರೇಟು ಏರಲಿಲ್ಲ, ಮರುವರ್ಷವೂ ಏರಲಿಲ್ಲ. ಬಜಾರದಲ್ಲಿ ಕಟ್ಟಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ಮುರಿಯಿತೆಂದು ಸಾರಿಯೂ ಹೇಳಲಿಲ್ಲ. ಅಮಾವಾಸ್ಯೆ ಕಳೆದ ವಾರದೊಳಗೆ ಹದಿನೆಂಟು ಅಂಗಡಿಯಲ್ಲೂ ಬೋಣಿ ಎನ್ನುವುದು ಮಧ್ಯಾಹ್ನದವರೆಗೆ ಬೆಳೆಯಿತು, ಆಮೇಲೆ ದೀಪ ಹಚ್ಚುವವರೆಗೆ. ಮರುಳಸಿದ್ದಮ್ಮನ ಸಂಜೆಯ ಗಿರಾಕಿಗಳಲ್ಲಿ ಅರ್ಧ ಜನ ಅತ್ತ ಹಂಚಿಹೋದರು. ಅದು ಅವಳಿಗೆ ಮೊದಲೇ ಗೊತ್ತಿತ್ತು. ಉಳಿದ ಅರ್ಧ ಸಾಕಾಗುತ್ತಿತ್ತು.

ಅಮಾವಾಸ್ಯೆಯ ಮಾರನೆಯ ಬೆಳಗ್ಗೆ ಅವಳು ಬಳ್ಳಾರಿಯ ರೈಲಿಗೆಂದು ಖಾಲಿ ಚೀಲ ಮಡಚುತ್ತಿದ್ದಾಗ ವಿರೂಪಾಕ್ಷಪ್ಪನವರ ಬಂಡಿ ಬಂದು ಬಾಗಿಲಲ್ಲಿ ನಿಂತಿತು. ಬಂಡಿ ಹೊಡೆಯುವ ತಾಯಪ್ಪ ಒಂದು ಮೂಟೆ ಉಪ್ಪು ಇಳಿಸಿದ. ಸಾವ್ಕಾರ್ರು ಏನೂ ಹೇಳಿಲ್ಲ, ರೊಕ್ಕ ಮಾತ್ರ ನಗದು ತರಲು ಹೇಳಿದ್ದಾರೆ ಎಂದ. ಕೊಟ್ರಯ್ಯ ಗಂಟು ಬಿಚ್ಚಿ ಎಣಿಸಿ ಕೊಟ್ಟ. ತಾಯಪ್ಪ ಎತ್ತು ತಿರುಗಿಸಿದ.

"ತಾಯಪ್ಪ, ತಡಿ" ಎಂದಳು ಮರುಳಸಿದ್ದಮ್ಮ. "ಕೊಸರೆಲ್ಲಿ?"

"ಏನ್ರಿ?"

"ಮೂಟಿ ತಗೊಂಡೀನಿ, ನಗದು ಕೊಟ್ಟೀನಿ. ಇವತ್ತು ನಿಮ್ಮ ಗೋದಾಮಿಗೆ ನಂದೇ ಬೋಣಿ. ಕೊಸರು ಬಂದಿಲ್ಲ ಅಂತ ಸಾವ್ಕಾರ್ರಿಗೆ ಹೇಳು."

ತಾಯಪ್ಪ ನಗು ಅದುಮಿಕೊಂಡು ಬಂಡಿ ಹೊಡೆದ. ಕೊಸರು ಬರಲಿಲ್ಲ. ಮುಂದಿನ ಮೂಟೆ ಬಂದಾಗಲೂ ಅವಳು ಕೇಳಿದಳು, ಅದರ ಮುಂದಿನದಕ್ಕೂ ಕೇಳಿದಳು.